ಹೆಸರು ಆಮೇಲೆ, ಮೊದಲು ಕಲ್ಲು

ಒಂದು ಶಾಲೆಯ ಪ್ರಯೋಗಾಲಯದ ಮೂಲೆಯಲ್ಲಿ ಮರದ ಪೆಟ್ಟಿಗೆಯೊಂದಿತ್ತು. ಅದರೊಳಗೆ ಎಪ್ಪತ್ತು ಎಂಬತ್ತು ಕಲ್ಲುಗಳಿದ್ದವು. ಯಾರೋ ಆಸೆಪಟ್ಟು ಕೂಡಿಹಾಕಿದ ಸಂಗ್ರಹ. ಒಂದೊಂದಕ್ಕೂ ಹೆಸರಿನ ಚೀಟಿ ಇತ್ತಂತೆ, ಚೀಟಿಗಳನ್ನೆಲ್ಲ ಗೆದ್ದಲು ತಿಂದಿತ್ತು. ಹೊಸ ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ವಿಜ್ಞಾನ ಪಾಠ ಮಾಡುವವಳು ನಿಜ, ಆದರೆ ಭೂವಿಜ್ಞಾನ ಓದಿದವಳಲ್ಲ. ಬೋರ್ಡಿನ ಮೇಲೆ ಅಗ್ನಿಶಿಲೆ, ಪದರು ಶಿಲೆ, ರೂಪಾಂತರ ಶಿಲೆ ಅಂತ ಮೂರು ಚೌಕ ಬರೆದು, ನಡುವೆ ಬಾಣ ಎಳೆದು, ಮುಂದಿನ ಪಾಠಕ್ಕೆ ಹೋಗುವ ಪೈಕಿ.

ಮೊಬೈಲ್‌ನಲ್ಲಿ ಫೋಟೊ ತೆಗೆದರೆ ಕಲ್ಲಿನ ಹೆಸರು ಹೇಳುವ ಆಪ್‌ಗಳಿವೆ. ಸುಮ್ನೆ ನೋಡೋಣ ಅಂತ ಕಪ್ಪು ಕಲ್ಲೊಂದನ್ನು ತೋರಿಸಿದೆ. ಒಣಗಿದ್ದಾಗ ಒಂದು ಹೆಸರು ಹೇಳಿತು. ನೀರು ಹಚ್ಚಿದಾಗ ಇನ್ನೊಂದು. ತಿರುಗಿಸಿ ಬೆನ್ನು ತೋರಿಸಿದರೆ ಮತ್ತೊಂದು. ಪಾಪ, ಆಪ್‌ನ ತಪ್ಪೂ ಅಲ್ಲ. ಅದಕ್ಕೆ ಕಾಣುವುದು ಬಣ್ಣ ಮತ್ತು ಮೇಲ್ಮೈ. ಕಲ್ಲಿನಲ್ಲಿ ನಂಬಿಕೆಗೆ ಅತಿ ಕಡಿಮೆ ಅರ್ಹವಾದದ್ದು ಅವೆರಡೇ.

ಭೂವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರು ಪರಿಚಯವಿದ್ದರು. ಪೆಟ್ಟಿಗೆಯ ಸುದ್ದಿ ಹೇಳಿದ ಕೂಡಲೇ ಬರಲು ಒಪ್ಪಿದರು. ಬಂದವರು ಮೇಜಿನ ಮುಂದೆ ಕುಳಿತರು, ಕಲ್ಲು ಮುಟ್ಟಲಿಲ್ಲ. "ನೋಡಮ್ಮ, ಒಂದು ಕರಾರು. ನಾನು ಕೇಳೋವರೆಗೂ ಹೆಸರು ಹೇಳಬಾರದು. ಏನು ಕಾಣುತ್ತೋ ಅದನ್ನಷ್ಟೇ ಹೇಳಬೇಕು," ಅಂದರು. ಇದೇನು ಹುಡುಗಾಟ ಅಂತ ನನಗೆ ಒಳಗೊಳಗೇ ಅನ್ನಿಸಿತು. ಹೆಸರಿಗಾಗಿಯೇ ಅಲ್ವಾ ಇವರನ್ನು ಕರೆದದ್ದು?

ಸಲಕರಣೆ ದೊಡ್ಡದೇನೂ ಬೇಕಾಗಲಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಭೂತಗನ್ನಡಿ, ಉಕ್ಕಿನ ಮೊಳೆ, ಗಾಜಿನ ತುಂಡು, ಹೊಳಪಿಲ್ಲದ ಬಿಳಿ ಟೈಲ್ಸ್‌ನ ಹಿಂಭಾಗ, ದಾರಕ್ಕೆ ಕಟ್ಟಿದ ಅಯಸ್ಕಾಂತ, ಡ್ರಾಪರ್ ಬಾಟಲಿಯಲ್ಲಿ ನೀರು ಬೆರೆಸಿ ಶೇಕಡ 10ಕ್ಕೆ ಇಳಿಸಿದ ಹೈಡ್ರೋಕ್ಲೋರಿಕ್ ಆಮ್ಲ, ಒಂದು ಸುತ್ತಿಗೆ, ಕಣ್ಣಿಗೆ ಕನ್ನಡಕ. ಕನ್ನಡಕದ ವಿಷಯದಲ್ಲಿ ಮೇಷ್ಟ್ರು ಬಲು ಕಟ್ಟುನಿಟ್ಟು. ಸುತ್ತಿಗೆ ಬಿದ್ದಾಗ ಹಾರುವ ಚೂರು ಯಾರ ಮುಖವನ್ನೂ ನೋಡುವುದಿಲ್ಲ.

ಭೂತಗನ್ನಡಿ ಹಿಡಿಯುವುದಕ್ಕೂ ಒಂದು ಕ್ರಮ ಇದೆ ಅಂತ ನನಗೆ ಗೊತ್ತಿರಲಿಲ್ಲ. ನಾವು ಅದನ್ನು ಕಲ್ಲಿನ ಹತ್ತಿರ ಇಟ್ಟು ದೂರದಿಂದ ಇಣುಕುತ್ತೇವೆ. ಅದು ಕಣ್ಣಿಗೆ ತಾಗುವಷ್ಟು ಹತ್ತಿರ ಇರಬೇಕು. ಆಮೇಲೆ ಕಲ್ಲನ್ನು ಮೆಲ್ಲಗೆ ಮೇಲೆತ್ತಿ ಕಣ್ಣಿನ ಕಡೆ ತರಬೇಕು. ಎರಡು ಮೂರು ಸೆಂಟಿಮೀಟರ್ ದೂರಕ್ಕೆ ಬಂದಾಗ ಎಲ್ಲ ಸ್ಪಷ್ಟವಾಗುತ್ತದೆ. ಬೆಳಕು ಕಲ್ಲಿನ ಮೇಲೆ ಓರೆಯಾಗಿ ಬೀಳಬೇಕು. ಹೀಗೆ ನೋಡಿದ ಮೊದಲ ಕಲ್ಲು ಬೂದು ಬಣ್ಣದ ಸಾಧಾರಣ ತುಂಡು. ಆದರೆ ಅದರೊಳಗೆ ಬೂದು ಬಣ್ಣ ಅನ್ನುವುದೇ ಇರಲಿಲ್ಲ! ಬಿಳಿ, ಕಪ್ಪು, ಗಾಜಿನಂಥದ್ದು, ಇವು ಬೆರೆತು ದೂರಕ್ಕೆ ಬೂದು ಕಾಣುತ್ತಿದ್ದವು, ಅಷ್ಟೇ.

ಮೊದಲ ಕೆಲಸ ತೊಳೆಯುವುದು. ಎರಡನೆಯದು ಒಡೆಯುವುದು. ಒಡೆಯಲು ನನಗೆ ಮನಸ್ಸಿರಲಿಲ್ಲ. ಆದರೆ ಗಾಳಿ, ಮಳೆ ತಾಗಿದ ಕಲ್ಲಿನ ಹೊರಮೈ ಒಂದು ಮುಖವಾಡ. ಕಲ್ಲಿನಲ್ಲಿರುವ ಕಬ್ಬಿಣ ತುಕ್ಕಾಗಿ ಕಂದು ಬಣ್ಣ ಬಳಿಯುತ್ತದೆ. ಫೆಲ್ಡ್‌ಸ್ಪಾರ್ ಅನ್ನುವ ಖನಿಜ ನಿಧಾನವಾಗಿ ಜೇಡಿಯಾಗಿ ಮಂಕಾಗುತ್ತದೆ. ಕಂದು ಹೊರಮೈಯ ಎರಡು ಕಲ್ಲುಗಳು ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಇದ್ದವು. ನೋಡಲು ಅವಳಿ. ಮೂಲೆ ಒಡೆದರೆ ಒಂದು ಒಳಗೆ ಕಡುಗಪ್ಪು, ಇನ್ನೊಂದು ಬಿಳಿ. ಅಲ್ಲಿಂದ ಮುಂದೆ ಒಡೆಯಲು ನನಗೇ ಅವಸರ.

ಹೊಸ ಮುಖ ತೆರೆದ ಮೇಲೆ ಮೇಷ್ಟ್ರು ಕೇಳುತ್ತಿದ್ದ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಕಣ ಕಾಣುತ್ತಾ? ಕಂಡರೆ, ಒಂದಕ್ಕೊಂದು ಹೇಗೆ ಕೂತಿವೆ?" ಕಣ ಯಾವುದು ಅಂತಲೂ ಅಲ್ಲ, ಹೇಗೆ ಕೂತಿವೆ ಅಂತ. ಹೀಗೆ ಮೇಜಿನ ಮೇಲೆ ನಾಲ್ಕು ಗುಂಪುಗಳಾದವು. ಹರಳುಗಳು ಜಾಗ ಬಿಡದೆ ಒಂದರೊಳಗೊಂದು ಸಿಕ್ಕಿಕೊಂಡವು ಒಂದು ಕಡೆ. ಪುಡಿಗಳನ್ನು ಅಂಟಿಸಿದಂತಿರುವವು, ಅಂದರೆ ಕಣಗಳ ನಡುವೆ ಬೇರೆಯದೇ ಅಂಟು ಕಾಣುವವು, ಇನ್ನೊಂದು ಕಡೆ. ಎಲ್ಲ ಕಣ ಒಂದೇ ದಿಕ್ಕಿಗೆ ಮಲಗಿದವು ಅಥವಾ ಪಟ್ಟೆ ಇರುವವು ಮೂರನೆಯ ಕಡೆ. ಭೂತಗನ್ನಡಿಯಲ್ಲೂ ಕಣವೇ ಕಾಣದವು ನಾಲ್ಕನೆಯ ಗುಂಪು. ನಾಲ್ಕನೆಯದು ಬೆಳೆಯುತ್ತಲೇ ಹೋಯಿತು. ನನಗೆ ಗಾಬರಿ, ಮೇಷ್ಟ್ರಿಗೆ ನಗು.

ಮೊದಲ ಮೂರು ಗುಂಪು ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಮೂರು ಚೌಕಗಳೇ ಅಂತ ಮೇಲುನೋಟಕ್ಕೆ ಅನ್ನಿಸುತ್ತದೆ. ಬಹುಪಾಲು ಹೌದು. ಕರಗಿದ ಶಿಲಾಪಾಕ ತಣ್ಣಗಾಗುವಾಗ ಹರಳುಗಳು ಬೆಳೆಯುತ್ತ ಬೆಳೆಯುತ್ತ ಒಂದಕ್ಕೊಂದು ಡಿಕ್ಕಿಯಾಗಿ ನಿಲ್ಲುತ್ತವೆ, ಅದಕ್ಕೇ ನಡುವೆ ಜಾಗ ಉಳಿಯುವುದಿಲ್ಲ. ಮರಳು, ಕೆಸರು ಬಂದು ಕೂತು ಗಟ್ಟಿಯಾದರೆ ಅಂಟು ಬೇಕು. ಒತ್ತಡದಲ್ಲಿ ಸಿಕ್ಕಿಕೊಂಡ ಚಪ್ಪಟೆ ಖನಿಜಗಳು ಒಂದೇ ದಿಕ್ಕಿಗೆ ತಿರುಗುತ್ತವೆ. ಆದರೆ ಅಮೃತಶಿಲೆ ರೂಪಾಂತರ ಶಿಲೆ, ಅದರಲ್ಲಿ ದಿಕ್ಕೇ ಇರಬೇಕೆಂದಿಲ್ಲ, ಹರಳುಗಳು ಸುಮ್ಮನೆ ಹೆಣೆದುಕೊಂಡಿರುತ್ತವೆ. ಉಪ್ಪುಕಲ್ಲು ನೀರು ಆರಿ ಆದದ್ದು, ಅದರ ಹರಳೂ ಹಾಗೆಯೇ. ಆದ್ದರಿಂದ ಗುಂಪು ಬೇರೆ, ಹುಟ್ಟು ಬೇರೆ. ಕಣ್ಣಿಗೆ ಕಾಣುವುದು ಗುಂಪು. ಹುಟ್ಟನ್ನು ಲೆಕ್ಕ ಹಾಕಿ ಹೇಳಬೇಕು.

ಹೆಚ್ಚು ಹೊತ್ತು ಹಿಡಿದದ್ದು ಎಲ್ಲರಿಗೂ ಗೊತ್ತಿದೆ ಅಂದುಕೊಳ್ಳುವ ಗ್ರಾನೈಟ್. ತುಂಡು ಕೈಗೆ ಕೊಟ್ಟು ಮೇಷ್ಟ್ರು, "ಇದರಲ್ಲಿ ಎಷ್ಟು ಬಗೆ ಇದೆ?" ಅಂದರು. ನಸುಗೆಂಪು, ಬಿಳಿ, ಗಾಜಿನಂಥ ಬೂದು, ಕಪ್ಪು. ಕಪ್ಪು ಚುಕ್ಕೆಯನ್ನು ಮೊಳೆಯ ತುದಿಯಿಂದ ಕೆದಕಿದರೆ ಪುಸ್ತಕದ ಹಾಳೆಯಂತೆ ಪದರ ಬಿಟ್ಟುಕೊಂಡಿತು. ಕಾಗೆಬಂಗಾರ, ಅಂದರೆ ಅಭ್ರಕ. ಇನ್ನು ನಸುಗೆಂಪು ಮತ್ತು ಬಿಳಿ. ಕಲ್ಲನ್ನು ಬಿಸಿಲಿನಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದರೆ ಇವು ಇದ್ದಕ್ಕಿದ್ದಂತೆ ಫಳ್ ಅಂತ ಮಿಂಚುತ್ತವೆ, ಮತ್ತೆ ಆರುತ್ತವೆ. ಚಪ್ಪಟೆಯಾಗಿ ಸೀಳುವ ಗುಣ ಇರುವುದರಿಂದ ಹಾಗೆ. ಅದು ಫೆಲ್ಡ್‌ಸ್ಪಾರ್. ಭೂಮಿಯ ಹೊರಚಿಪ್ಪಿನಲ್ಲಿ ಇದೇ ಎಲ್ಲಕ್ಕಿಂತ ಜಾಸ್ತಿ ಇರುವ ಖನಿಜ ಬಳಗ, ಅರ್ಧಕ್ಕಿಂತ ಹೆಚ್ಚು. ಗಾಜಿನಂಥ ಬೂದು ಮಾತ್ರ ಎಷ್ಟು ತಿರುಗಿಸಿದರೂ ಹಾಗೆ ಮಿಂಚಲಿಲ್ಲ. ಅದು ಬೆಣಚು, ಅಂದರೆ ಕ್ವಾರ್ಟ್ಜ್. ಅದಕ್ಕೆ ಸೀಳುವ ಗುಣ ಇಲ್ಲ, ಗಾಜು ಒಡೆದ ಹಾಗೆ ಒಡೆಯುತ್ತದೆ.

ಬೆಣಚಿನ ಆಕಾರ ನೋಡಿ ಅಂದರು. ಫೆಲ್ಡ್‌ಸ್ಪಾರ್ ಹರಳುಗಳಿಗೆ ಅಂಚಿದೆ, ಮೂಲೆಯಿದೆ. ಬೆಣಚಿಗೆ ತನ್ನದು ಅನ್ನುವ ಆಕಾರವೇ ಇಲ್ಲ, ಉಳಿದವರು ಬಿಟ್ಟ ಸಂದಿಗಳನ್ನು ತುಂಬಿಕೊಂಡು ಕೂತಿದೆ. ಕಾರಣ, ಶಿಲಾಪಾಕ ತಣಿಯುವಾಗ ಬೆಣಚು ಕೊನೆಗೆ ಹರಳಾಗುತ್ತದೆ. ಯಾವ ಖನಿಜ ಮೊದಲು, ಯಾವುದು ಆಮೇಲೆ ಅನ್ನುವ ಈ ಸರದಿಯನ್ನು ನಾರ್ಮನ್ ಬೋವೆನ್ ಎಂಬಾತ 20ನೇ ಶತಮಾನದ ಮೊದಲ ದಶಕಗಳಲ್ಲಿ ಪ್ರಯೋಗಾಲಯದ ಕುಲುಮೆಯಲ್ಲಿ ಶಿಲಾಪಾಕ ಕರಗಿಸಿ, ತಣಿಸಿ ತೋರಿಸಿದ. ಆಲಿವೀನ್ ಎಂಬ ಹಸಿರು ಖನಿಜ ಮೊದಲ ಸಾಲಿನಲ್ಲಿ, ಬೆಣಚು ಕೊನೆಯಲ್ಲಿ. ನಾನು ಇದನ್ನು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಆದರೆ ಕೈಯಲ್ಲಿರುವ ತುಂಡಿನಲ್ಲಿ ಆ ಸರದಿ ಕಣ್ಣಿಗೆ ಕಾಣುತ್ತದೆ ಅಂತ ಯಾವತ್ತೂ ಹೊಳೆದಿರಲಿಲ್ಲ.

"ಈಗ ಗ್ರಾನೈಟ್ ಅನ್ನಬಹುದಾ?" ಅಂದೆ.

"ಗ್ರಾನೈಟ್ ಬಗೆಯದು ಅನ್ನಿ," ಅಂದರು.

ಅದರ ಹಿಂದೆ ಲೆಕ್ಕ ಇದೆ. ಅಂತರರಾಷ್ಟ್ರೀಯ ಭೂವಿಜ್ಞಾನಗಳ ಒಕ್ಕೂಟ ಒಪ್ಪಿರುವ ವರ್ಗೀಕರಣದಲ್ಲಿ ಕಪ್ಪು ಖನಿಜಗಳನ್ನು ಬದಿಗಿಟ್ಟು ಬೆಣಚು ಮತ್ತು ಫೆಲ್ಡ್‌ಸ್ಪಾರ್‌ಗಳನ್ನಷ್ಟೇ 100ಕ್ಕೆ ಅಳೆಯುತ್ತಾರೆ. ಅದರಲ್ಲಿ ಬೆಣಚು 20ರಿಂದ 60ರಷ್ಟು ಇರಬೇಕು. ಅಷ್ಟಾದರೂ ಸಾಲದು. ಫೆಲ್ಡ್‌ಸ್ಪಾರ್‌ಗಳಲ್ಲಿ ಪ್ಲಾಜಿಯೋಕ್ಲೇಸ್ ಅನ್ನುವ ಬಗೆ ಶೇಕಡ ಎಷ್ಟು ಅಂತ ನೋಡಬೇಕು. ಅದು 10ರಿಂದ 65ರ ಒಳಗಿದ್ದರೆ ಗ್ರಾನೈಟ್. 65 ದಾಟಿದರೆ ಗ್ರಾನೋಡಯೊರೈಟ್, 90 ದಾಟಿದರೆ ಟೋನಲೈಟ್. ಪ್ಲಾಜಿಯೋಕ್ಲೇಸ್ ಗುರುತು ಹಿಡಿಯಲು ಮಿಂಚುವ ಮುಖದ ಮೇಲೆ ಕೂದಲಿಗಿಂತ ತೆಳುವಾದ ಸಮಾನಾಂತರ ಗೆರೆಗಳನ್ನು ಹುಡುಕಬೇಕು. ಎಷ್ಟೋ ಸಲ ಸಿಗುತ್ತದೆ, ಎಷ್ಟೋ ಸಲ ಇಲ್ಲ. ಹಾಗಾಗಿ ಕೈಯಲ್ಲಿ ಹಿಡಿದು ನೋಡಿದವರು "ಗ್ರಾನೈಟ್ ಬಗೆಯದು" ಅಂತ ನಿಲ್ಲಿಸುವುದೇ ಸರಿ. ಕಲ್ಲಿನ ವ್ಯಾಪಾರದಲ್ಲಿ ‘ಬ್ಲ್ಯಾಕ್ ಗ್ರಾನೈಟ್’ ಅಂತ ಮಾರುವ ಕಲ್ಲಿಗೆ ಈ ಲೆಕ್ಕ ಹಚ್ಚಿದರೆ ತಮಾಷೆ. ಅದರಲ್ಲಿ ಹೆಚ್ಚಿನದು ಗ್ಯಾಬ್ರೊ ಅಥವಾ ಡಾಲರೈಟ್ ಅನ್ನುವ ಕಡುಬಣ್ಣದ ಅಗ್ನಿಶಿಲೆ, ಬೆಣಚು ಇದ್ದರೂ ಲೆಕ್ಕಕ್ಕೆ ಬಾರದಷ್ಟು. ನಯಗೊಳಿಸಿದರೆ ಹೊಳೆಯುವ ಗಡಸು ಕಲ್ಲೆಲ್ಲ ವ್ಯಾಪಾರಕ್ಕೆ ಗ್ರಾನೈಟ್. ಅವರ ವರ್ಗೀಕರಣವೂ ಅವರ ಕೆಲಸಕ್ಕೆ ತಕ್ಕದ್ದೇ ಅನ್ನಿ.

ಕಪ್ಪು, ಸಣ್ಣ ರಂಧ್ರಗಳಿದ್ದ ಕಲ್ಲುಗಳು ಬೇಗ ಮುಗಿದವು. ಲಾವಾ ಹೊರಬಿದ್ದಾಗ ಒಳಗಿದ್ದ ಅನಿಲ ಗುಳ್ಳೆಯಾಗಿ ಉಳಿದ ಬಸಾಲ್ಟ್. ಒಂದರಲ್ಲಿ ಆ ಗುಳ್ಳೆಗಳೊಳಗೆ ಬಿಳಿ ಖನಿಜ ತುಂಬಿತ್ತು. ಆಮ್ಲದ ಹನಿ ಹಾಕಿದಾಗ ಕೆಲವು ಗುಳ್ಳೆ ನೊರೆ ಬಿಟ್ಟವು, ಕೆಲವು ಬಿಡಲಿಲ್ಲ. ನೊರೆ ಬಿಟ್ಟದ್ದು ಕ್ಯಾಲ್ಸೈಟ್, ಸುಣ್ಣಕಲ್ಲಿನ ಖನಿಜ. ಬಿಡದವುಗಳಲ್ಲಿ ಉಕ್ಕಿನ ಮೊಳೆಯಿಂದ ಗೀರು ಬಿದ್ದದ್ದು ಜಿಯೋಲೈಟ್ ಎಂಬ ಖನಿಜ ಇರಬಹುದು ಅಂತ ಪ್ರಶ್ನೆಚಿಹ್ನೆಯೊಂದಿಗೆ ಬರೆದೆವು. ರಂಧ್ರದ ಕಲ್ಲುಗಳಲ್ಲೇ ಒಂದು ವಿಚಿತ್ರವಾಗಿತ್ತು. ಹಸಿರು ಛಾಯೆಯ ಗಾಜಿನ ಹೊಳಪು, ಹರಿದು ನಿಂತಂಥ ಮೇಲ್ಮೈ, ಒಂದೆರಡು ಕಡೆ ಅಯಸ್ಕಾಂತಕ್ಕೆ ಅಂಟುವ ಪುಟ್ಟ ಲೋಹದ ಗುಂಡು. ಜ್ವಾಲಾಮುಖಿಯದ್ದಲ್ಲ, ಕಬ್ಬಿಣದ ಕುಲುಮೆಯ ಕಿಟ್ಟ! ಉಲ್ಕಾಶಿಲೆ ಸಿಕ್ಕಿತು ಅಂತ ಜನ ತರುವ ಕಲ್ಲುಗಳಲ್ಲಿ ಇಂಥ ಕಿಟ್ಟ ಬಹಳ ಇರುತ್ತದಂತೆ. ಉಲ್ಕಾಶಿಲೆಯಲ್ಲಿ ಸಾಮಾನ್ಯವಾಗಿ ಇಂಥ ಗುಳ್ಳೆ ರಂಧ್ರ ಇರುವುದಿಲ್ಲ. ಅದನ್ನು ಎಸೆಯದೆ "ಮನುಷ್ಯ ಮಾಡಿದ್ದು" ಅಂತ ಚೀಟಿ ಹಚ್ಚಿ ಬಸಾಲ್ಟಿನ ಪಕ್ಕದಲ್ಲೇ ಇಟ್ಟೆ. ಕಲಿಸಲು ಅದಕ್ಕಿಂತ ಒಳ್ಳೆಯ ಮಾದರಿ ಆ ಪೆಟ್ಟಿಗೆಯಲ್ಲಿ ಇನ್ನೊಂದಿಲ್ಲ.

ಬಸಾಲ್ಟ್ ಬೆಂಕಿಯಿಂದ ಹುಟ್ಟಿದ್ದು ಅನ್ನುವುದು ಈಗ ಮಕ್ಕಳಿಗೂ ಗೊತ್ತು. 18ನೇ ಶತಮಾನದ ಕೊನೆಗೆ ಇದೇ ದೊಡ್ಡ ಜಗಳ. ಜರ್ಮನಿಯ ಫ್ರೈಬರ್ಗ್‌ನಲ್ಲಿ ಪಾಠ ಮಾಡುತ್ತಿದ್ದ ಅಬ್ರಹಾಂ ವೆರ್ನರ್, ಗ್ರಾನೈಟ್ ಬಸಾಲ್ಟ್ ಎಲ್ಲ ಪ್ರಾಚೀನ ಸಮುದ್ರದ ನೀರಿನಿಂದಲೇ ಕೆಳಗಿಳಿದು ಕೂತವು ಅನ್ನುತ್ತಿದ್ದ. ಸ್ಕಾಟ್ಲೆಂಡಿನ ಜೇಮ್ಸ್ ಹಟನ್ 1785ರಲ್ಲಿ ಗ್ಲೆನ್ ಟಿಲ್ಟ್ ಕಣಿವೆಯಲ್ಲಿ, ಗ್ರಾನೈಟ್ ಬಳ್ಳಿಗಳಂತೆ ಕವಲೊಡೆದು ಹಳೆಯ ಶಿಲೆಯೊಳಗೆ ನುಗ್ಗಿರುವುದನ್ನು ಕಂಡ. ನುಗ್ಗಬೇಕಾದರೆ ಅದು ಹರಿಯುವ ಸ್ಥಿತಿಯಲ್ಲಿರಬೇಕು. ಸುತ್ತಲಿನ ಶಿಲೆ ಅದಕ್ಕಿಂತ ಮೊದಲೇ ಇರಬೇಕು. ಕೈಯಲ್ಲಿರುವ ತುಂಡಿನಿಂದ ಮಾತ್ರ ಹಟನ್ ಇದನ್ನು ಹೇಳಲು ಆಗುತ್ತಿರಲಿಲ್ಲ. ಅದಕ್ಕೇ ಮೇಷ್ಟ್ರು ಪದೇ ಪದೇ ಕೊರಗುತ್ತಿದ್ದದ್ದು ಹೆಸರಿನ ಬಗ್ಗೆ ಅಲ್ಲ, ಊರಿನ ಬಗ್ಗೆ. "ಹೆಸರು ಹೋದರೆ ಮತ್ತೆ ಕಂಡುಹಿಡೀಬಹುದಮ್ಮ. ಎಲ್ಲಿಂದ ತಂದದ್ದು ಅನ್ನೋದು ಹೋದರೆ ಹೋಯಿತು. ಬಂಡೆಯಿಂದ ಒಡೆದು ತಂದದ್ದೋ, ಹೊಳೆಯಲ್ಲಿ ಉರುಳಿ ಬಂದದ್ದೋ, ಅದೂ ಗೊತ್ತಿಲ್ಲ."

ಎರಡನೆಯ ಗುಂಪಿನಲ್ಲಿ ನನಗೆ ಸಲೀಸು ಅನ್ನಿಸಿತು. ಮರಳುಕಲ್ಲು ಅಂದರೆ ಮರಳುಕಲ್ಲು. ಆದರೆ ಮರಳು ಅಂದರೆ ಎಷ್ಟು ದಪ್ಪ? ಚೆಸ್ಟರ್ ವೆಂಟ್‌ವರ್ತ್ 1922ರಲ್ಲಿ ಹಾಕಿಕೊಟ್ಟ ಅಳತೆಯನ್ನೇ ಈಗಲೂ ಬಳಸುತ್ತಾರೆ. 2 ಮಿಲಿಮೀಟರಿನಿಂದ ಕೆಳಗೆ, ಮಿಲಿಮೀಟರಿನ 16ನೇ ಒಂದು ಭಾಗದವರೆಗೆ ಮರಳು. ಅದಕ್ಕಿಂತ ಸಣ್ಣದು ಹೂಳು, ಇನ್ನೂ ಸಣ್ಣದು ಜೇಡಿ. ಹೂಳಿನ ಕಲ್ಲೋ ಜೇಡಿಕಲ್ಲೋ ಅಂತ ಭೂತಗನ್ನಡಿಯಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಮೇಷ್ಟ್ರು ಮಾಡಿದ ಪರೀಕ್ಷೆ ನೋಡಿ ನಾನು ಹೌಹಾರಿದೆ. ಸ್ವಚ್ಛ ಮೂಲೆಯಿಂದ ಒಂದು ಚಿಟಿಕೆ ಕೆರೆದು ಮುಂದಿನ ಹಲ್ಲುಗಳ ನಡುವೆ ಇಟ್ಟರು! ಕರಕರ ಅಂದರೆ ಹೂಳು, ನುಣ್ಣಗೆ ಜಾರಿದರೆ ಜೇಡಿ. ಇದು ಅವರೊಬ್ಬರ ಹುಚ್ಚಲ್ಲ, ಬಯಲಿನಲ್ಲಿ ಕೆಲಸ ಮಾಡುವ ಭೂವಿಜ್ಞಾನಿಗಳ ಹಳೇ ಅಭ್ಯಾಸ. ಏನೆಂದು ಗೊತ್ತಿಲ್ಲದ, ಬಣ್ಣಬಣ್ಣದ ಅದಿರುಗಳ ಮೇಲೆ ಮಾತ್ರ ಇದನ್ನು ಮಾಡಬಾರದು, ಸೀಸ, ಆರ್ಸೆನಿಕ್ ಇರುವ ಖನಿಜಗಳೂ ಇವೆ. ಮಕ್ಕಳ ಮುಂದೆ ಮಾಡಿ ತೋರಿಸುವ ಧೈರ್ಯ ನನಗಂತೂ ಇಲ್ಲ.

ಮರಳುಕಲ್ಲಿನಲ್ಲಿ ಕಣದ ಗಾತ್ರದ ಜೊತೆಗೆ ಇನ್ನೆರಡು ವಿಷಯ ಬರೆದುಕೊಂಡೆವು. ಕಣಗಳು ಒಂದೇ ಅಳತೆಯವೋ, ದಪ್ಪ ಸಣ್ಣ ಬೆರಕೆಯೋ. ಅಂಚು ಸವೆದಿದೆಯೋ, ಚೂಪಾಗಿದೆಯೋ. ಗಾಳಿ ಉರುಳಿಸಿದ ಮರಳು ಒಂದೇ ಅಳತೆಗೆ ಬಂದು ದುಂಡಾಗಿರುತ್ತದೆ. ಬೆಟ್ಟದ ಬುಡದಲ್ಲಿ ತಕ್ಷಣ ರಾಶಿಬಿದ್ದದ್ದು ಚೂಪಾಗಿ, ಬೆರಕೆಯಾಗಿ ಇರುತ್ತದೆ. ದಪ್ಪ ಗುಂಡುಗಲ್ಲುಗಳು ಅಂಟಿಕೊಂಡಿದ್ದರೆ ಕಾಂಗ್ಲಾಮರೇಟ್, ಅವೇ ಚೂಪು ಮೂಲೆಯವಾಗಿದ್ದರೆ ಬ್ರೆಕ್ಸಿಯಾ. ಒಂದೇ ಗುಣದ ಮೇಲೆ ಹೆಸರು ಬದಲು.

ಇನ್ನು ಬಿಳಿ ಕಲ್ಲುಗಳು. ಹಾಗೆ ನೋಡಿದರೆ ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಕಲಿಸಿದ್ದು ಇವೇ. ಬಿಳಿ, ಕಣಕಣವಾಗಿ ಹೊಳೆಯುವ ತುಂಡುಗಳ ಸಾಲೇ ಇತ್ತು. ಮರಳುಕಲ್ಲು, ಕ್ವಾರ್ಟ್ಜೈಟ್, ಅಮೃತಶಿಲೆ, ಸುಣ್ಣಕಲ್ಲು, ಮೆಗ್ನೀಸಿಯಂ ಇರುವ ಸುಣ್ಣಕಲ್ಲಿನಂಥ ಡೋಲೋಮೈಟ್, ಸುಮ್ಮನೆ ಬೆಣಚು, ಯಾವುದು ಬೇಕಾದರೂ ಆಗಬಹುದು. ಮೊದಲು ಗಡಸುತನ. ಫ್ರೀಡ್ರಿಕ್ ಮೋಸ್ 1812ರಲ್ಲಿ ಹತ್ತು ಖನಿಜಗಳನ್ನು ಮೆತ್ತಗಿನಿಂದ ಗಡಸಿನವರೆಗೆ ಸಾಲಾಗಿ ನಿಲ್ಲಿಸಿದ. 1 ಟಾಲ್ಕ್, 3 ಕ್ಯಾಲ್ಸೈಟ್, 7 ಬೆಣಚು, 10 ವಜ್ರ. ಉಗುರು ಎರಡೂವರೆ, ಚಾಕುವಿನ ಉಕ್ಕು ಐದೂವರೆಯ ಆಸುಪಾಸು. ಅಂದರೆ ಉಕ್ಕು ಕ್ಯಾಲ್ಸೈಟನ್ನು ಗೀರುತ್ತದೆ, ಬೆಣಚನ್ನು ಗೀರಲಾರದು. ಬೆಣಚು ಗಾಜನ್ನೇ ಗೀರುತ್ತದೆ. ಅಮೃತಶಿಲೆ ಒಂದು ಕಡೆ, ಕ್ವಾರ್ಟ್ಜೈಟ್ ಇನ್ನೊಂದು ಕಡೆ, ಕೆಲಸ ಮುಗಿಯಿತು ಅನ್ನಿಸುತ್ತೆ, ಅಲ್ವಾ?

ಅಷ್ಟು ಬೇಗ ಮುಗಿಯುವುದಿಲ್ಲ. ಬೆಣಚಿನ ಮೇಲೆ ಮೊಳೆ ಎಳೆದಾಗಲೂ ಗೆರೆ ಬೀಳುತ್ತದೆ. ಆದರೆ ಅದು ಗೀರಲ್ಲ, ಮೊಳೆಯೇ ಸವೆದು ಬಿಟ್ಟ ಲೋಹದ ಗುರುತು. ಒದ್ದೆ ಬೆರಳಿನಿಂದ ಉಜ್ಜಿದರೆ ಹೋಗುತ್ತದೆ. ಮೆತ್ತಗಿನ ಮರಳುಕಲ್ಲಿನ ಮೇಲೆ ಎಳೆದಾಗ ಪುಡಿ ಉದುರಿ ಹಳ್ಳ ಬೀಳುತ್ತದೆ. ಮರಳುಕಣ ಮೆತ್ತಗಾಯಿತು ಅಂತಲ್ಲ, ಅಂಟು ಬಿಟ್ಟು ಕಣ ಕಿತ್ತುಬಂತು. ಉದುರಿದ ಕಣವನ್ನೇ ಗಾಜಿನ ಮೇಲೆ ಒತ್ತಿ ಉಜ್ಜಿದರೆ ಗಾಜಿಗೆ ಗೀರು. ಮೋಸ್‌ನ ಅಳತೆ ಖನಿಜಕ್ಕೆ, ಕಲ್ಲಿಗಲ್ಲ. ಒಂದೊಂದು ಸಲವೂ ಗೀರಿದ ಜಾಗವನ್ನು ಒರೆಸಿ, ಭೂತಗನ್ನಡಿಯಲ್ಲಿ ನೋಡಿ, ಆಮೇಲೆ ಬರೆದುಕೊಳ್ಳುವ ರೂಢಿ ಅಲ್ಲಿ ಬಂತು.

ಆಮ್ಲದ ಪರೀಕ್ಷೆಯಲ್ಲೂ ಇಂಥದ್ದೇ ಸೂಕ್ಷ್ಮ. ಸುಣ್ಣಕಲ್ಲಿಗೂ ಅಮೃತಶಿಲೆಗೂ ಹನಿ ಬಿದ್ದ ಕೂಡಲೇ ಜೋರು ನೊರೆ, ಎರಡರಲ್ಲೂ ಇರುವುದು ಕ್ಯಾಲ್ಸೈಟ್. ಡೋಲೋಮೈಟ್ ಸುಮ್ಮನಿರುತ್ತದೆ. ಅದನ್ನೇ ಮೊಳೆಯಿಂದ ಕೆರೆದು ಆ ಪುಡಿಯ ಮೇಲೆ ಹನಿ ಹಾಕಿದರೆ ನಿಧಾನಕ್ಕೆ ಗುಳ್ಳೆ ಏಳುತ್ತದೆ. ಇನ್ನು ಮರಳುಕಲ್ಲಿಗೂ ನೊರೆ ಬರಬಹುದು! ಕಣ ಬೆಣಚೇ ಆದರೂ ಅಂಟು ಕ್ಯಾಲ್ಸೈಟ್ ಆಗಿದ್ದರೆ ಹಾಗೆ. ನೊರೆ ಬಂತು ಅಂತ ಬರೆದರೆ ಸಾಲದು, ನೊರೆ ಕಣದಿಂದ ಬಂತೋ ಸಂದಿಯಿಂದ ಬಂತೋ ನೋಡಬೇಕು. ಹನಿ ಹಾಕಿದ ಮೇಲೆ ಕಲ್ಲನ್ನು ನೀರಿನಲ್ಲಿ ಚೆನ್ನಾಗಿ ತೊಳೆಯುವುದನ್ನೂ ಮರೆಯಬಾರದು.

ಉಳಿದದ್ದು ಮರಳುಕಲ್ಲು ಮತ್ತು ಕ್ವಾರ್ಟ್ಜೈಟ್. ಎರಡೂ ಬೆಣಚೇ. ಅಂಟು ಕ್ಯಾಲ್ಸೈಟ್ ಅಲ್ಲದಿದ್ದರೆ ಎರಡೂ ಆಮ್ಲಕ್ಕೆ ಜಗ್ಗುವುದಿಲ್ಲ. ಮರಳುಕಲ್ಲು ಭೂಮಿಯೊಳಗೆ ಬಿಸಿ, ಒತ್ತಡಕ್ಕೆ ಸಿಕ್ಕಿ ಮತ್ತೆ ಹರಳುಗಟ್ಟಿದರೆ ಕ್ವಾರ್ಟ್ಜೈಟ್. ವ್ಯತ್ಯಾಸ ಇರುವುದು ಒಡೆದ ಮುಖದಲ್ಲಿ. ಮರಳುಕಲ್ಲು ಒಡೆಯುವಾಗ ಬಿರುಕು ಕಣಗಳನ್ನು ಸುತ್ತಿಕೊಂಡು ಅಂಟಿನಲ್ಲೇ ಹಾದುಹೋಗುತ್ತದೆ. ಹಾಗಾಗಿ ಮುಖ ಒರಟು, ಬೆರಳಾಡಿಸಿದರೆ ಕಣ ತಡೆಯುತ್ತದೆ. ಕ್ವಾರ್ಟ್ಜೈಟಿನಲ್ಲಿ ಕಣಗಳೇ ಬೆಸೆದು ಒಂದಾಗಿರುವುದರಿಂದ ಬಿರುಕು ಕಣವನ್ನೇ ಸೀಳಿಕೊಂಡು ಹೋಗುತ್ತದೆ. ಮುಖ ನಯ, ಗಾಜಿನ ಹೊಳಪು. ಸುತ್ತಿಗೆಯ ಸದ್ದೂ ಬೇರೆ, ಒಂದು ದಪ್ ಅನ್ನುತ್ತದೆ, ಇನ್ನೊಂದು ಠಣ್ ಅನ್ನುತ್ತದೆ. ಇವೆರಡರ ನಡುವಿನವೂ ಇದ್ದವು, ಅರ್ಧ ಮುಖ ಒರಟು, ಅರ್ಧ ನಯ. ಬಿಸಿ ಏನೂ ತಾಗದೆ ಬೆಣಚೇ ಅಂಟಾಗಿ ಗಟ್ಟಿಯಾದ ಮರಳುಕಲ್ಲೂ ಹೀಗೆ ಕಾಣಬಹುದು. ಪ್ರಕೃತಿ ಗೆರೆ ಎಳೆದಿಲ್ಲ, ಎಳೆದವರು ನಾವು. ಅಂಥವಕ್ಕೆ ಎರಡೂ ಹೆಸರು ಬರೆದು ನಡುವೆ ಓರೆಗೆರೆ ಹಾಕಿದೆವು.

ಪಟ್ಟೆಯ ಗುಂಪಿನಲ್ಲಿ ಎಚ್ಚರ ಬೇಕಾದದ್ದು ಒಂದೇ ಕಡೆ. ಪದರು ಕಂಡ ತಕ್ಷಣ ಪದರು ಶಿಲೆ ಅನ್ನುವಂತಿಲ್ಲ. ಮರಳುಕಲ್ಲಿನ ಪದರು ಕಣದ ಗಾತ್ರ ಅಥವಾ ಬಣ್ಣ ಬದಲಾಗಿದ್ದರಿಂದ ಆದದ್ದು, ಕಣಗಳು ದುಂಡಗೆ ಹಾಗೆಯೇ ಇರುತ್ತವೆ. ನೈಸ್ ಎಂಬ ರೂಪಾಂತರ ಶಿಲೆಯಲ್ಲಿ ಖನಿಜಗಳೇ ಬೇರ್ಪಟ್ಟು ಬಿಳಿ ಒಂದು ಪಟ್ಟೆ, ಕಪ್ಪು ಒಂದು ಪಟ್ಟೆಯಾಗಿರುತ್ತವೆ, ಹರಳುಗಳು ಹೆಣೆದುಕೊಂಡಿರುತ್ತವೆ. ಕೆನಡಾದ ಅಕಾಸ್ಟಾ ನೈಸ್ ಸುಮಾರು 400 ಕೋಟಿ ವರ್ಷ ಹಳೆಯದು, ತಿಳಿದಿರುವ ಅತಿ ಹಳೆಯ ಶಿಲೆಗಳಲ್ಲಿ ಒಂದು. ಜೇಡಿಕಲ್ಲಿನಿಂದ ಶುರುವಾಗುವ ಸರಣಿ ಪೆಟ್ಟಿಗೆಯಲ್ಲಿ ಪೂರ್ತಿಯಾಗಿ ಸಿಕ್ಕಿದ್ದು ಖುಷಿ. ಮಂಕಾದ, ಚಪ್ಪಟೆಯಾಗಿ ಸೀಳುವ ಸ್ಲೇಟು ಕಲ್ಲು. ರೇಷ್ಮೆಯ ಹೊಳಪಿನ ಫಿಲೈಟ್. ಕಾಗೆಬಂಗಾರ ಕಣ್ಣಿಗೆ ಕಾಣುವಷ್ಟು ಬೆಳೆದ ಶಿಸ್ಟ್, ಅದರಲ್ಲಿ ಕೆಂಪು ಗಾರ್ನೆಟ್ ಗುಂಡುಗಳು. ಕೊನೆಗೆ ನೈಸ್. ಬಿಸಿ ಮತ್ತು ಒತ್ತಡ ಏರುತ್ತ ಹೋದ ಹಾಗೆ ಹರಳು ದೊಡ್ಡದಾಗುತ್ತ ಹೋದದ್ದನ್ನು ಸಾಲಾಗಿ ಇಟ್ಟು ನೋಡಬಹುದು. ಬಳಪದ ಕಲ್ಲನ್ನು ನೋಡಬೇಕಾಗಿಯೇ ಬರಲಿಲ್ಲ. ಮುಟ್ಟಿದರೆ ಸೋಪಿನ ಜಾರು, ಉಗುರಿನಿಂದ ಗೀರು, ಸಾಕು.

ನಾಲ್ಕನೆಯ ಗುಂಪು ಹಾಗೇ ಕೂತಿತ್ತು. ಕಡುಬಣ್ಣ, ಕಣ ಕಾಣದು, ಆಮ್ಲಕ್ಕೆ ಸುಮ್ಮನೆ. ಟೈಲ್ಸಿನ ಬೆನ್ನಿಗೆ ಒರೆ ಹಚ್ಚಿದಾಗ ಒಂದು ಮಾತ್ರ ಕೆಂಪುಕಂದು ಗೆರೆ ಬಿಟ್ಟಿತು. ಹೊರಗೆ ಉಕ್ಕಿನಂತೆ ಕಪ್ಪಗೆ ಹೊಳೆಯುತ್ತಿದ್ದರೂ ಅದು ಹೆಮಟೈಟ್, ಕಬ್ಬಿಣದ ಅದಿರು. ಉಳಿದವಕ್ಕೆ ಸಾಂದ್ರತೆ ಅಳೆದೆವು. ಇದು ಯಾರು ಬೇಕಾದರೂ ಮಾಡಬಹುದು. ಮೊದಲು ಕಲ್ಲನ್ನು ತೂಗಿ. ಆಮೇಲೆ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆಗೆ ತನ್ನಿ. ಕಲ್ಲನ್ನು ದಾರದಲ್ಲಿ ಕಟ್ಟಿ, ತಳ ತಾಗದ ಹಾಗೆ ಪೂರ್ತಿ ಮುಳುಗಿಸಿ. ತಕ್ಕಡಿ ತೋರಿಸುವ ಗ್ರಾಂ ಸಂಖ್ಯೆಯೇ ಕಲ್ಲಿನ ಗಾತ್ರ, ಘನ ಸೆಂಟಿಮೀಟರಿನಲ್ಲಿ. ಮೊದಲಿನ ತೂಕವನ್ನು ಇದರಿಂದ ಭಾಗಿಸಿ. ಬೆಣಚು 2.65, ಗ್ರಾನೈಟ್ 2.7ರ ಹತ್ತಿರ, ಗಟ್ಟಿ ಬಸಾಲ್ಟ್ 2.9ರ ಆಸುಪಾಸು, ಆಲಿವೀನ್ ತುಂಬಿದ ಪೆರಿಡೊಟೈಟ್ 3.3ರ ಸುಮಾರು. ನಮ್ಮವು ಎರಡು ರಾಶಿಯಾದವು, ಹಗುರ ಮತ್ತು ಭಾರ. ಅಲ್ಲಿಗೆ ಮೇಜಿನ ಮೇಲಿನ ಪರೀಕ್ಷೆಗಳು ಮುಗಿದವು.

ಮುಂದಿನದಕ್ಕೆ ಸೂಕ್ಷ್ಮದರ್ಶಕ ಬೇಕು. ಕಲ್ಲಿನ ಚೂರನ್ನು ಗಾಜಿಗೆ ಅಂಟಿಸಿ, ಬೆಳಕು ಹಾಯುವ ತನಕ, ಅಂದರೆ 0.03 ಮಿಲಿಮೀಟರಿನಷ್ಟು ತೆಳುವಾಗುವ ತನಕ ಅರೆಯುತ್ತಾರೆ. 19ನೇ ಶತಮಾನದ ನಡುವೆ ಹೆನ್ರಿ ಸಾರ್ಬಿ ಈ ವಿಧಾನವನ್ನು ಕಲ್ಲಿನ ಅಧ್ಯಯನಕ್ಕೆ ತಂದಾಗ, ಬೆಟ್ಟಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಅಂತ ನಕ್ಕವರಿದ್ದರಂತೆ. ಮೇಷ್ಟ್ರ ಹಳೆಯ ಶಿಷ್ಯೆಯೊಬ್ಬರು ಆಯ್ದ ಕೆಲವು ತುಂಡುಗಳಿಗೆ ಹೀಗೆ ತೆಳುಪಟಲ ಮಾಡಿಸಿಕೊಟ್ಟರು. ಧ್ರುವೀಕರಿಸಿದ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕಿನಲ್ಲಿ ಪ್ಲಾಜಿಯೋಕ್ಲೇಸ್ ಕಪ್ಪು ಬಿಳುಪು ಪಟ್ಟೆಯಾಗಿ ಕಾಣುತ್ತದೆ. ಇದನ್ನು ಮೊದಲ ಸಲ ನೋಡಿದಾಗ ನಾನು ಸ್ವಲ್ಪ ಹೊತ್ತು ಬೇರೆಯವರಿಗೆ ಜಾಗವೇ ಬಿಡಲಿಲ್ಲ.

ಹೊರಗೆ ಒಂದೇ ಥರ ಇದ್ದ ಎರಡು ಭಾರದ ಕಲ್ಲುಗಳು ಅಲ್ಲಿ ಬೇರೆಯಾದವು. ಒಂದರಲ್ಲಿ ಪ್ಲಾಜಿಯೋಕ್ಲೇಸ್ ಕಡ್ಡಿಗಳು ಯಾವ ದಿಕ್ಕೂ ಇಲ್ಲದೆ ಅಡ್ಡಾದಿಡ್ಡಿ, ನಡುವೆ ಪೈರಾಕ್ಸೀನ್ ಎಂಬ ಖನಿಜ. ಅದರ ಸೀಳುಗೆರೆಗಳು, ಅಂದರೆ ಹರಳು ಸೀಳುವ ಜಾಡಿನ ಗೆರೆಗಳು, ಹತ್ತಿರ ಹತ್ತಿರ ಲಂಬಕೋನದಲ್ಲಿ ಸೇರುತ್ತಿದ್ದವು. ಡಾಲರೈಟ್. ಇನ್ನೊಂದರಲ್ಲಿ ಹಸಿರು ಖನಿಜ ಒಂದೇ ದಿಕ್ಕಿಗೆ ಮಲಗಿತ್ತು, ಸೀಳುಗೆರೆಗಳು 56 ಮತ್ತು 124 ಡಿಗ್ರಿಯಲ್ಲಿ ಸೇರುತ್ತಿದ್ದವು. ಅದು ಹಾರ್ನ್‌ಬ್ಲೆಂಡ್, ಕಲ್ಲು ಆಂಫಿಬೊಲೈಟ್. ಬಸಾಲ್ಟಿನಂಥ ಕಲ್ಲು ರೂಪಾಂತರವಾದರೆ ಸಿಗುವುದು ಹೆಚ್ಚಾಗಿ ಇದೇ. ಒಂದು ಅಗ್ನಿಶಿಲೆಯ ಚೌಕಕ್ಕೆ, ಇನ್ನೊಂದು ರೂಪಾಂತರದ ಚೌಕಕ್ಕೆ. ಬರಿಗಣ್ಣಿಗೆ ಎರಡೂ ಕರಿಕಲ್ಲೇ.

ಚೀಟಿಯ ನಮೂನೆಯನ್ನು ಮೇಷ್ಟ್ರೇ ಹಾಕಿಕೊಟ್ಟರು. ಮೇಲೆ ಕಂಡದ್ದು, ಅದರ ಕೆಳಗೆ ಮಾಡಿದ ಪರೀಕ್ಷೆ, ಅದರ ಕೆಳಗೆ ಹೆಸರು, ಹೆಸರಿನ ಪಕ್ಕ ಕೈಯಲ್ಲಿ ನೋಡಿ ಹೇಳಿದ್ದೋ ಸೂಕ್ಷ್ಮದರ್ಶಕದಲ್ಲಿ ನೋಡಿದ್ದೋ ಅಂತ. ಸ್ಥಳದ ಸಾಲಿನಲ್ಲಿ ಎಲ್ಲದಕ್ಕೂ "ಗೊತ್ತಿಲ್ಲ". ಕಲ್ಲಿನ ಮೇಲೂ ಬಿಳಿ ಬಣ್ಣದ ಚುಕ್ಕೆ ಇಟ್ಟು, ಅದರ ಮೇಲೆ ಸಂಖ್ಯೆ ಬರೆದು, ಅದೇ ಸಂಖ್ಯೆಯನ್ನು ಪುಸ್ತಕದಲ್ಲಿ ಏರಿಸಿದೆವು. ಮಕ್ಕಳಿಗೆ ಕೊಡುವಾಗ ಈಗ ಹೆಸರಿನ ಸಾಲನ್ನು ಮಡಚಿ ಕೊಡುತ್ತೇನೆ. ಮೊದಲ ಸಾಲನ್ನು ಅವರೇ ಬರೆದು, ನನ್ನದರ ಜೊತೆ ಹೋಲಿಸಿ, ಬೇಕಾದರೆ ಜಗಳ ಆಡಬಹುದು. ಜಗಳ ಆಡುತ್ತಾರೆ ಕೂಡ.

ಹೆಸರಿಲ್ಲದೆ ಉಳಿದದ್ದು ಒಂದು ನಸುಗೆಂಪು ಕಲ್ಲು. ಸೂಕ್ಷ್ಮದರ್ಶಕದಲ್ಲೂ ಅದರ ಕಣಗಳು ಬೇರೆ ಬೇರೆಯಾಗಿ ಕಾಣದಷ್ಟು ಸಣ್ಣವು. ಇಂಥ ಜ್ವಾಲಾಮುಖಿ ಶಿಲೆಗಳಿಗೆ ರಾಸಾಯನಿಕ ವಿಶ್ಲೇಷಣೆ ಮಾಡಿಸಿ, ಸಿಲಿಕಾ (ಬೆಣಚು ಆಗಿರುವುದು ಇದರಿಂದಲೇ) ಎಷ್ಟು, ಸೋಡಿಯಂ ಪೊಟ್ಯಾಸಿಯಂಗಳ ಆಕ್ಸೈಡ್ ಎಷ್ಟು ಅನ್ನುವುದರ ಮೇಲೆ ಹೆಸರು ಕೊಡುತ್ತಾರೆ. ಬಸಾಲ್ಟಿಗೆ ಸಿಲಿಕಾ ಶೇಕಡ 45ರಿಂದ 52ರಷ್ಟು, ರಯೊಲೈಟ್ ಎಂಬ ತಿಳಿಬಣ್ಣದ ಜ್ವಾಲಾಮುಖಿ ಶಿಲೆಗೆ ಅದಕ್ಕಿಂತ ತುಂಬ ಜಾಸ್ತಿ. ನಮ್ಮದು ರಯೊಲೈಟ್ ಇರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಮೇಷ್ಟ್ರು ಬರೆಯಲು ಬಿಡಲಿಲ್ಲ. ವಿಶ್ಲೇಷಣೆ ಆಗುವವರೆಗೆ ಅದರ ಚೀಟಿಯಲ್ಲಿ "ನಸುಗೆಂಪು, ಕಣ ಕಾಣದು, ಗಾಜನ್ನು ಗೀರುತ್ತದೆ, ಆಮ್ಲಕ್ಕೆ ನೊರೆ ಇಲ್ಲ, ಸಾಂದ್ರತೆ 2.6" ಅಂತಷ್ಟೇ ಇದೆ.